ಬದು ನುಂಗುವ ನೇಗಿಲು, ಊರು ನುಂಗುವ ಬೇಲಿ

ಎರಡು ಹೊಲಗಳ ನಡುವಿನ ಬದು ಯಾರ ಸ್ವತ್ತು? ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ ಕೇಳಿದರೂ, ಘಟ್ಟದ ಅಂಚಿನ ಬೇರಾವ ಹಳ್ಳಿಯಲ್ಲಿ ಕೇಳಿದರೂ ಈ ಪ್ರಶ್ನೆಗೆ ದೊರೆಯುವ ಉತ್ತರ ಒಂದೇ: ಅರ್ಧ ಈಚೆಯವನದು, ಅರ್ಧ ಆಚೆಯವನದು. ಕಿವಿಗೆ ನ್ಯಾಯವಾಗಿಯೇ ಕೇಳುವ ಈ ಉತ್ತರದೊಳಗೇ ಬದುವಿನ ಸಾವು ಅಡಗಿದೆ. ಈಚೆಯವನು ತನ್ನ ಅರ್ಧವನ್ನು ಉತ್ತುಕೊಳ್ಳುತ್ತಾನೆ. ಆಚೆಯವನು ಸುಮ್ಮನಿರುವನೇ? ಅವನೂ ತನ್ನ ಅರ್ಧವನ್ನು ಉಳುತ್ತಾನೆ. ಕೆಲವು ಮುಂಗಾರು ಕಳೆಯುವಷ್ಟರಲ್ಲಿ ಬದು ಇದ್ದ ಜಾಗದಲ್ಲಿ ಒಂದು ಗೆರೆ ಮಾತ್ರ ಉಳಿಯುತ್ತದೆ. ಗೆರೆಯ ಮೇಲೆ ಜಗಳ ಹುಟ್ಟುತ್ತದೆ, ಜಗಳದ ಮೇಲೆ ತಂತಿಬೇಲಿ ಏಳುತ್ತದೆ, ಬೇಲಿಯ ಹಿಂದೆ ವಕೀಲರು ಬರುತ್ತಾರೆ. ಹೊಲದ ಮಣ್ಣು ಮಾತ್ರ ಯಾರ ಅಪ್ಪಣೆಗೂ ಕಾಯದೆ ಹಳ್ಳ ಸೇರುತ್ತದೆ.

ಬೇಲಿಯ ತಂಟೆಯನ್ನು ಈ ನಾಡಿನ ಜನ ನೆರೆಹೊರೆಯವರ ಮನೆಜಗಳವೆಂದು ಪರಿಗಣಿಸಿ ಬದಿಗಿಟ್ಟಿದ್ದಾರೆ. ಕಾಡು, ನದಿ, ಅಣೆಕಟ್ಟುಗಳ ಕುರಿತು ಸಭೆ ಸೇರುವ ಪರಿಸರಾಸಕ್ತರೂ ಬದುವಿನ ಪ್ರಶ್ನೆ ಬಂದಾಗ ಅದನ್ನು ತಹಶೀಲ್ದಾರರಿಗೆ ಬಿಟ್ಟು ಕೈತೊಳೆದುಕೊಳ್ಳುತ್ತಾರೆ. ಇದು ದೊಡ್ಡ ತಪ್ಪು. ಅರೆಮಲೆನಾಡಿನ ಸಾಗುವಳಿ ಸೀಮೆಯಲ್ಲಿ ಉತ್ತುಬಿತ್ತದೆ ಉಳಿದಿರುವ ನೆಲವೆಂದರೆ ಬಹುಪಾಲು ಬದು, ಬೇಲಿಸಾಲು, ಬಂಡಿದಾರಿ ಮತ್ತು ಹಳ್ಳದ ದಂಡೆಗಳೇ. ಇವು ಹೋದ ಮೇಲೆ ಊರಿನ ಪಾಲಿಗೆ ಕಾಡು ಎಂಬುದು ದೂರದ ಗುಡ್ಡದ ಮೇಲಿನ ನೋಟವಾಗಿ ಉಳಿಯುತ್ತದೆ, ಅಷ್ಟೇ.

ರಂಟೆಯ ಸಾಲಿನ ಲೆಕ್ಕ

ಬದು ಒತ್ತುವುದು ಎಂಬ ಕೃತ್ಯವನ್ನು ಯಾರೂ ಕಳ್ಳತನವೆಂದು ಕರೆಯುವುದಿಲ್ಲ. ರಂಟೆ ಹೊಡೆಯುವಾಗ ಒಂದು ಸಾಲು ಆಚೆ ಸರಿಯಿತು, ಅಷ್ಟೇ ಎನ್ನುತ್ತಾರೆ. ಆ ಒಂದು ಸಾಲಿನ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲ. 330 ಅಡಿ ಉದ್ದದ ಬದುವನ್ನು ವರ್ಷಕ್ಕೆ 9 ಅಂಗುಲದಂತೆ ಒತ್ತಿದರೆ ಹತ್ತು ವರ್ಷಗಳಲ್ಲಿ 2,475 ಚದರಡಿ ನೆಲ ಕೈ ಬದಲಾಗುತ್ತದೆ. ಒಂದು ಗುಂಟೆಗೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರಡಿ. ಹೀಗಾಗಿ ಹತ್ತು ವರ್ಷಗಳ ‘ಅಷ್ಟೇ’ ಎಂಬ ಮಾತಿನ ಬೆಲೆ ಎರಡೂಕಾಲು ಗುಂಟೆ. ಎರಡು ಎಕರೆಯ ಒಡೆಯನಿಗೆ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ಅವನ ಸಿಟ್ಟನ್ನು ಹಳ್ಳಿಗರ ಹಟವೆಂದು ನಗೆಯಾಡುವ ಹಕ್ಕು ಪೇಟೆಯ ವಿದ್ಯಾವಂತರಿಗೆ ಇಲ್ಲ.

ಇನ್ನೊಂದು ಲೆಕ್ಕವೂ ಇದೆ. ಚೌಕಾಕಾರದ 16 ಎಕರೆ ಹೊಲದ ಒಂದೊಂದು ಬದಿಯೂ ಸುಮಾರು 835 ಅಡಿ ಇರುತ್ತದೆ. ನಾಲ್ವರು ಅಣ್ಣತಮ್ಮಂದಿರು ಅದನ್ನು ಪಾಲು ಮಾಡಿಕೊಳ್ಳುವಾಗ ಒಳ್ಳೆಯ ಮಣ್ಣು, ಕೆಟ್ಟ ಮಣ್ಣು, ದಾರಿಯ ಅಂಚು ಎಲ್ಲರಿಗೂ ಸಮನಾಗಿ ಬರಲೆಂದು ಉದ್ದುದ್ದ ಪಟ್ಟಿಗಳಾಗಿ ಸೀಳುವುದು ರೂಢಿ. ನಾಲ್ಕು ಪಟ್ಟಿಗೆ ಮೂರು ಹೊಸ ಗಡಿ, 2,500 ಅಡಿಗೂ ಮಿಕ್ಕಿದ ಉದ್ದ. ಮಕ್ಕಳ ಕಾಲಕ್ಕೆ ಅದೇ ಹೊಲ ಎಂಟು ಪಟ್ಟಿಯಾದರೆ ಏಳು ಗಡಿ, 5,800 ಅಡಿಗೂ ಮಿಕ್ಕಿದ ಉದ್ದ. ನೆಲ ಬೆಳೆಯಲಿಲ್ಲ, ಗಡಿ ಮಾತ್ರ ಬೆಳೆಯಿತು. ಕೃಷಿ ಗಣತಿಗಳ ಪ್ರಕಾರ ಕರ್ನಾಟಕದಲ್ಲಿ ಹಿಡುವಳಿಯ ಸರಾಸರಿ ವಿಸ್ತೀರ್ಣ 1970-71ರಲ್ಲಿ 3.20 ಹೆಕ್ಟೇರ್ ಇದ್ದದ್ದು 2015-16ರ ವೇಳೆಗೆ 1.36 ಹೆಕ್ಟೇರಿಗೆ ಇಳಿದಿತ್ತು. ಅರ್ಧ ಶತಮಾನದೊಳಗೆ ನಾಡಿನ ಹೊಲಗಳಲ್ಲಿ ಎಷ್ಟು ಸಾವಿರ ಮೈಲಿ ಹೊಸ ಗಡಿ ಹುಟ್ಟಿರಬಹುದೆಂಬುದನ್ನು ಇದರಿಂದಲೇ ಊಹಿಸಬಹುದು. ಅಷ್ಟು ಗಡಿಯೂ ಹಸಿರು ಬದುವಾಗಿದ್ದರೆ ಅದು ನಾಡಿನ ಸೌಭಾಗ್ಯವಾಗುತ್ತಿತ್ತು. ಅದು ಜಗಳದ ಗೆರೆಯಾದದ್ದು ದುರ್ದೈವ.

ಬದುವಿಗಾಗಿ ನೆಲ ಬಿಡುವುದು ನಷ್ಟವೆಂದು ವಾದಿಸುವವರು ಮೂರನೆಯ ಲೆಕ್ಕವನ್ನೂ ನೋಡಬೇಕು. ಮೇಲೆ ಹೇಳಿದ ಹೊಲದ ಏಳು ಗಡಿಗಳಿಗೂ ಮೂರು ಅಡಿ ಅಗಲದ ಬದು ಬಿಟ್ಟರೆ ಹೋಗುವ ನೆಲ 16 ಗುಂಟೆ. ಒಟ್ಟು 640 ಗುಂಟೆಗಳಲ್ಲಿ ಇದು ನೂರಕ್ಕೆ ಎರಡೂವರೆ ಪಾಲು. ಬದುವಿಲ್ಲದ ಇಳಿಜಾರಿನಲ್ಲಿ ಆ 16 ಎಕರೆಯ ಮೇಲ್ಮಣ್ಣು ಕೇವಲ ಒಂದು ಮಿಲಿಮೀಟರಿನಷ್ಟು ತೊಳೆದು ಹೋದರೆ ಅದರ ತೂಕ ಸುಮಾರು 80 ಟನ್, ಅಂದರೆ ಇಪ್ಪತ್ತಕ್ಕೂ ಹೆಚ್ಚು ಟ್ರೇಲರ್ ಮಣ್ಣು. ಒಂದು ಮಿಲಿಮೀಟರ್ ಎಂದರೆ ಉಗುರಿನ ದಪ್ಪಕ್ಕಿಂತ ಹೆಚ್ಚೇನಲ್ಲ. ಕಣ್ಣಿಗೆ ಕಾಣದ ಈ ನಷ್ಟದ ಬಗ್ಗೆ ಯಾವ ಠಾಣೆಯಲ್ಲಿಯೂ ದೂರು ದಾಖಲಾಗುವುದಿಲ್ಲ. ನೆರೆಯವನು ಒತ್ತಿದ ಒಂದು ಸಾಲಿಗಾಗಿ ಕೊಡಲಿ ಎತ್ತುವ ಕೈ, ಮಳೆ ಒಯ್ದ ಇಪ್ಪತ್ತು ಟ್ರೇಲರ್ ಮಣ್ಣಿಗಾಗಿ ಒಂದು ಬುಟ್ಟಿಯನ್ನೂ ಎತ್ತುವುದಿಲ್ಲ.

ಕಲ್ಲು ನೆಟ್ಟವರು, ಕಲ್ಲು ಕಿತ್ತವರು

ಗಡಿಯ ಪ್ರಜ್ಞೆ ಈ ಸೀಮೆಗೆ ಹೊಸತಲ್ಲ. ಧಾರವಾಡ ಸೀಮೆಯ ಹಳೆಯ ದಾನಶಾಸನಗಳು ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಅಳೆದು, ಅದರ ಎಲ್ಲೆಯನ್ನು ದಿಕ್ಕು ದಿಕ್ಕಿಗೆ ಹೆಸರಿಸುತ್ತವೆ. ಅಲ್ಲಿ ಎಲ್ಲೆಯಾಗಿ ಬರುವುದು ಹಳ್ಳ, ಕೆರೆ, ಗುಡ್ಡ, ದಾರಿ, ಮರ ಮತ್ತು ನೆಟ್ಟ ಕಲ್ಲು. ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುವನೆಂಬ ಶಾಪವೂ ಕೊನೆಯಲ್ಲಿ ಸೇರಿರುತ್ತದೆ. ಆ ಕಾಲದ ಎಲ್ಲೆಗೆ ಜೀವವಿತ್ತು ಎಂಬುದು ಇಲ್ಲಿ ಗಮನಾರ್ಹ. ಮರವೇ ಎಲ್ಲೆಯಾದಾಗ ಮರ ಕಡಿಯುವುದೆಂದರೆ ಸಾಕ್ಷಿಯನ್ನು ಕೊಂದಂತೆ.

ಇಂದಿನ ಗಡಿಗಳ ಮೂಲವಿರುವುದು ಮುಂಬಯಿ ಪ್ರಾಂತ್ಯದ ಭೂಮಾಪನದಲ್ಲಿ. 1840ರ ದಶಕದಲ್ಲಿ ಧಾರವಾಡ ಸೀಮೆಯ ಸರ್ವೆ ವಿಂಗೇಟ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ನಡೆಯಿತು. ಗೋಲ್ಡ್‌ಸ್ಮಿಡ್, ವಿಂಗೇಟ್ ಮತ್ತು ಡೇವಿಡ್‌ಸನ್ ಸೇರಿ ಬರೆದ 1847ರ ಜಂಟಿ ವರದಿ ಈ ಪದ್ಧತಿಯ ತಳಹದಿಯಾಯಿತು. ಒಂದು ಜೋಡಿ ಎತ್ತು ಸಾಗುವಳಿ ಮಾಡಬಹುದಾದಷ್ಟು ನೆಲವನ್ನು ಒಂದು ಸರ್ವೆ ನಂಬರಿನ ಅಳತೆಯೆಂದು ಇಟ್ಟುಕೊಂಡು, ಮಣ್ಣಿನ ಗುಣವನ್ನು ಆಣೆಗಳಲ್ಲಿ ತೂಗಿ, ಹೊಲದ ಮೂಲೆಗಳಲ್ಲಿ ಬಾಂದು ಕಲ್ಲು ನೆಡಲಾಯಿತು. ಕಲ್ಲಿನಿಂದ ಕಲ್ಲಿಗೆ ಉಳದೆ ಬಿಟ್ಟ ನೆಲದ ಪಟ್ಟಿ ಗಡಿಯನ್ನು ತೋರಿಸುತ್ತಿತ್ತು. ಕಂದಾಯ ವಸೂಲಿಗೆಂದೇ ಹುಟ್ಟಿದ ಆ ಪದ್ಧತಿಯನ್ನು ಹೊಗಳಬೇಕಾಗಿಲ್ಲ. ಆದರೆ ಅಂದಿನ ಗಡಿಗೆ ಅಗಲವಿತ್ತು, ಆ ಅಗಲದಲ್ಲಿ ಹುಲ್ಲು ಬೆಳೆಯುತ್ತಿತ್ತು ಎಂಬುದನ್ನು ಮರೆಯಬಾರದು.

ಎತ್ತಿನ ಜೋಡಿಗೆ ಬದುವಿನ ತುದಿಯಲ್ಲಿ ತಿರುಗಲು ಜಾಗ ಬೇಕಿತ್ತು, ಮೇಯಲು ಬದುವಿನ ಹುಲ್ಲು ಬೇಕಿತ್ತು. ಟ್ರ್ಯಾಕ್ಟರಿಗೆ ಹುಲ್ಲು ಬೇಡ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ತಂದ ಯಂತ್ರ ಆದಷ್ಟು ಬೇಗ, ಆದಷ್ಟು ಅಂಚಿಗೆ ಉಳಬೇಕೆಂಬ ಆತುರ ರೈತನದು. ಅದಕ್ಕೂ ಮಿಕ್ಕದ್ದನ್ನು ಜೆಸಿಬಿ ನೋಡಿಕೊಳ್ಳುತ್ತದೆ. ಮೂರು ತಲೆಮಾರು ಬೆಳೆಸಿದ ಬೇಲಿಸಾಲನ್ನು ಅದು ಒಂದು ಮುಂಜಾನೆಯಲ್ಲಿ ನೆಲಸಮ ಮಾಡುತ್ತದೆ. ಬಾಂದು ಕಲ್ಲು ಅದರ ಬಾಯಿಗೆ ಸಿಕ್ಕು ಎಲ್ಲಿ ಹೋಯಿತೆಂದು ಚಾಲಕನೂ ಹೇಳಲಾರ.

ಕಾನೂನಿನಲ್ಲಿ ಇರುವುದು, ಜನ ನಂಬಿರುವುದು

ಗಡಿಯ ವಿಷಯದಲ್ಲಿ ಹಳ್ಳಿಗಳಲ್ಲಿ ಹರಡಿರುವ ತಪ್ಪು ನಂಬಿಕೆಗಳೇ ಅರ್ಧದಷ್ಟು ಜಗಳಕ್ಕೆ ಕಾರಣ. ಪಹಣಿಯಲ್ಲಿ ಹೆಸರಿದ್ದರೆ ಮಾಲಿಕತ್ವ ಸಿದ್ಧವಾಯಿತೆಂಬುದು ಮೊದಲನೆಯ ನಂಬಿಕೆ. ಕಂದಾಯ ದಾಖಲೆಯ ನಮೂದು ತಾನಾಗಿಯೇ ಒಡೆತನವನ್ನು ಕೊಡುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2007ರ ಸೂರಜ್ ಭಾನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹದ್ದುಬಸ್ತು ಅಳತೆಯೂ ಹಾಗೆಯೇ. ಮೂಲ ಟಿಪ್ಪಣಿ, ಆಕಾರಬಂದುಗಳ ಆಧಾರದ ಮೇಲೆ ಗಡಿ ಎಲ್ಲಿದೆಯೆಂದು ಅದು ತೋರಿಸುತ್ತದೆ. ಒಡೆತನದ ತಕರಾರನ್ನು ತೀರ್ಮಾನಿಸುವುದು ದಿವಾಣಿ ನ್ಯಾಯಾಲಯ.

ಹನ್ನೆರಡು ವರ್ಷ ಉತ್ತರೆ ನೆಲ ತನ್ನದಾಗುತ್ತದೆ ಎಂಬುದು ಎರಡನೆಯ ನಂಬಿಕೆ. ಬದು ಒತ್ತುವವರ ಧೈರ್ಯಕ್ಕೆಲ್ಲ ಇದೇ ಮೂಲ. 1963ರ ಕಾಲಮಿತಿ ಕಾಯ್ದೆಯಲ್ಲಿ ಖಾಸಗಿ ನೆಲಕ್ಕೆ 12 ವರ್ಷ, ಸರ್ಕಾರಿ ನೆಲಕ್ಕೆ 30 ವರ್ಷಗಳ ಅವಧಿ ಇರುವುದು ನಿಜ. ಪ್ರತಿಕೂಲ ಸ್ವಾಧೀನದ ಆಧಾರದ ಮೇಲೆ ದಾವೆ ಹೂಡಲೂಬಹುದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿದ್ದೂ ನಿಜ. ಆದರೆ ಆ ಸ್ವಾಧೀನ ಬಹಿರಂಗವಾಗಿರಬೇಕು, ನಿರಂತರವಾಗಿರಬೇಕು, ನಿಜವಾದ ಒಡೆಯನ ಹಕ್ಕಿಗೆ ಎದುರಾಗಿ ನಿಂತದ್ದೆಂದು ಸಾಬೀತಾಗಬೇಕು. ವರ್ಷಕ್ಕೊಂದು ಸಾಲು ಗುಟ್ಟಾಗಿ ಸರಿಸಿದವನು ಇದನ್ನು ಸಾಬೀತುಪಡಿಸುವುದು ಸುಲಭವಲ್ಲ. ಮೊದಲ ವರ್ಷ ಒತ್ತಿದ ಸಾಲೇ ಬೇರೆ, ಹನ್ನೆರಡನೆಯ ವರ್ಷ ಒತ್ತಿದ ಸಾಲೇ ಬೇರೆ.

ತನ್ನ ಹೊಲದ ಸುತ್ತ ಏನು ಬೇಕಾದರೂ ಕಟ್ಟಬಹುದೆಂಬುದು ಮೂರನೆಯ ನಂಬಿಕೆ. 1882ರ ಅನುಭೋಗ ಹಕ್ಕುಗಳ ಕಾಯ್ದೆಯನ್ನು ಓದಿದವರು ಹೀಗೆ ಹೇಳಲಾರರು. ಮೇಲಿನ ಹೊಲದಲ್ಲಿ ಬಿದ್ದ ಮಳೆನೀರು ಸಹಜವಾಗಿ ಕೆಳಗಿನ ಹೊಲಕ್ಕೆ ಹರಿಯಲು ಬಿಡಬೇಕೆಂಬುದು ಮೇಲಿನವನ ಹಕ್ಕು. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕೆಂದು ಬಳಸಿದ ದಾರಿ ಹಕ್ಕಾಗಿಯೇ ಉಳಿಯುತ್ತದೆ. ಪಾಲಾದ ಹೊಲಕ್ಕೆ ಬೇರೆ ದಾರಿಯೇ ಇಲ್ಲದಿದ್ದರೆ ಅಗತ್ಯದ ಅನುಭೋಗವೆಂಬ ರಕ್ಷಣೆಯೂ ಇದೆ. ಮುಂಬಯಿ ಪ್ರಾಂತ್ಯದ 1906ರ ಮಾಮಲೇದಾರ ನ್ಯಾಯಾಲಯಗಳ ಕಾಯ್ದೆಯಂತೂ ಹೊಲಕ್ಕೆ ಹರಿಯುವ ನೀರನ್ನು ತಡೆದರೆ ಆರು ತಿಂಗಳೊಳಗೆ ದೂರು ಕೊಟ್ಟು ಮಾಮಲೇದಾರನಿಂದಲೇ ಅಡ್ಡಿ ತೆಗೆಸುವ ಅವಕಾಶ ಕೊಟ್ಟಿತ್ತು. ಪರದೇಶಿ ಸರ್ಕಾರಕ್ಕೂ ಅರ್ಥವಾಗಿದ್ದ ಮಾತಿದು: ಮಳೆಗಾಲದ ತಂಟೆ ಮಳೆಗಾಲದೊಳಗೇ ಮುಗಿಯಬೇಕು.

ಬಾಂದು ಕಲ್ಲಿನ ರಕ್ಷಣೆ ಹಿಡುವಳಿದಾರನ ಹೊಣೆಯೆಂದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆ ಹೇಳುತ್ತದೆ. ಸರ್ಕಾರಿ ಗುರುತನ್ನು ಕೀಳುವುದು, ಸರಿಸುವುದು ಹಳೆಯ ದಂಡ ಸಂಹಿತೆಯ 434ನೆಯ ಕಲಮಿನಡಿ ಒಂದು ವರ್ಷದವರೆಗಿನ ಸೆರೆವಾಸಕ್ಕೆ ಗುರಿಪಡಿಸುವ ಅಪರಾಧವಾಗಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಅಪರಾಧವೇ. ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಕಲ್ಲುಗಳು ಮಾಯವಾಗುತ್ತಿರುವುದೇಕೆ? ಕಾಯ್ದೆ ಕಪಾಟಿನಲ್ಲಿದೆ, ಕಲ್ಲು ಹೊಲದಲ್ಲಿದೆ, ಎರಡರ ನಡುವೆ ಸಾಮಾನ್ಯ ರೈತ ತಿಂಗಳುಗಟ್ಟಲೆ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾನೆ.

ಈ ವಿಳಂಬವನ್ನು ತಂತ್ರಜ್ಞಾನ ನೀಗಿಸುತ್ತದೆಂಬ ಭರವಸೆ ಈಚೆಗೆ ಕೇಳಿಬರುತ್ತಿದೆ. ಪಹಣಿಗಳು ಗಣಕೀಕೃತವಾದವು, ಹೊಲದ ಒಂದು ಭಾಗ ಮಾರುವ ಮುನ್ನ 11ಇ ನಕ್ಷೆ ಕಡ್ಡಾಯವಾಯಿತು, ಸರ್ವೆ ನಂಬರು ತೋರಿಸುವ ‘ದಿಶಾಂಕ್’ ಮೊಬೈಲಿಗೇ ಬಂದಿತು. ಇವೆಲ್ಲ ಉಪಯುಕ್ತವೇ. ಆದರೆ ಸಾಮಾನ್ಯ ಮೊಬೈಲಿನ ಉಪಗ್ರಹ ಗುರುತು ಬಯಲಿನಲ್ಲಿಯೂ ಐದು ಮೀಟರಿನಷ್ಟು, ಅಂದರೆ ಹದಿನಾರು ಅಡಿಯಷ್ಟು ಆಚೀಚೆ ಆಗಬಲ್ಲದು. ಒಂಬತ್ತು ಅಂಗುಲದ ಜಗಳವನ್ನು ಹದಿನಾರು ಅಡಿ ತಪ್ಪುವ ಸಾಧನದಿಂದ ಬಗೆಹರಿಸಲು ಹೊರಟರೆ ಹೊಸ ಜಗಳವೊಂದು ಹುಟ್ಟುವುದು ಖಂಡಿತ. ಮೊಬೈಲ್ ಹಿಡಿದು ನೆರೆಯವನ ಬದುವಿನ ಮೇಲೆ ನಿಂತು ವಾದಿಸುವ ಯುವಕರು ಇದನ್ನು ತಿಳಿದಿರಬೇಕು.

ಬದುವಿನ ಮೇಲಿನ ಬದುಕು

ಬಮ್ಮಿಗಟ್ಟಿಯ ಸೀಮೆ ಎರೆಯ ಬಯಲಿಗೂ ಘಟ್ಟದ ಕಾಡಿಗೂ ನಡುವಿನದು. ಭತ್ತ, ಗೋವಿನಜೋಳ, ಹತ್ತಿ, ಸೋಯಾ, ಕಬ್ಬು ಬೆಳೆಯುವ ಈ ಅರೆಮಲೆನಾಡಿನಲ್ಲಿ ಬದುವಿನ ಸಸ್ಯಸಂಪತ್ತು ಬಯಲುಸೀಮೆಗಿಂತ ಸಮೃದ್ಧವಾದದ್ದು. ಲಕ್ಕಿ, ಕವಳಿ, ಬಾರಿ, ಸೀಗೆ, ಕಳ್ಳಿ, ಕತ್ತಾಳೆ, ಹೊಂಗೆ, ಬಿದಿರು, ನೆಟ್ಟರೆ ಬೇರೂರುವ ಗ್ಲಿರಿಸಿಡಿಯಾ, ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸವಿದೆ. ಲಕ್ಕಿಯ ಸೊಪ್ಪು ದನಕ್ಕೆ ರುಚಿಸದು, ಆದ್ದರಿಂದ ಅದು ಬೇಲಿಯಾಗಿ ಉಳಿಯುತ್ತದೆ. ಧಾನ್ಯದ ಹುಳು ಕಾಯಲೂ ಅದೇ ಸೊಪ್ಪು ಬೇಕು. ಕವಳಿಯ ಮುಳ್ಳು ಹಂದಿಯನ್ನು ಹಿಂಜರಿಸುತ್ತದೆ, ಹಣ್ಣು ಮಕ್ಕಳನ್ನು ಕರೆಯುತ್ತದೆ. ಗ್ಲಿರಿಸಿಡಿಯಾದ ಸೊಪ್ಪು ಗದ್ದೆಗೆ ಸಾರಜನಕ ಕೊಡುತ್ತದೆ. ಈ ಸಾಲು ಗಾಳಿಯ ವೇಗ ತಗ್ಗಿಸುತ್ತದೆ, ಹರಿಯುವ ನೀರಿನ ಕಾಲು ಹಿಡಿಯುತ್ತದೆ, ಹೊಲವಿಲ್ಲದ ಹೆಣ್ಣುಮಗಳ ಎಮ್ಮೆಗೆ ಒಂದು ಹೊರೆ ಹುಲ್ಲು ಕೊಡುತ್ತದೆ. ಆ ಹೆಣ್ಣುಮಗಳ ಹೆಸರು ಯಾವ ಪಹಣಿಯಲ್ಲಿಯೂ ಇಲ್ಲ. ಬದು ಹೋದ ದಿನ ಅವಳು ಕಳೆದುಕೊಂಡದ್ದನ್ನು ಯಾವ ಸರ್ವೆಯೂ ಅಳೆಯಲಾರದು.

ಗೋವಿನಜೋಳದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಹೊಲಗಳಲ್ಲಿ. ಕೆಲವೇ ತಿಂಗಳುಗಳಲ್ಲಿ ಅದು ನಾಡನ್ನೆಲ್ಲ ವ್ಯಾಪಿಸಿತು. ಅದರ ತತ್ತಿಯ ಮೇಲೆ, ಮರಿಹುಳುವಿನ ಮೇಲೆ ಬದುಕುವ ಪರತಂತ್ರ ಕಣಜಗಳಿಗೆ, ಅದನ್ನು ಹಿಡಿದು ತಿನ್ನುವ ಜೇಡ ಮತ್ತು ತಿಗಣೆಗಳಿಗೆ ವರ್ಷವಿಡೀ ಆಸರೆ ಬೇಕು. ಕಣಜಕ್ಕೆ ಹೂವಿನ ಮಕರಂದ ಬೇಕು. ಹೊಲದಲ್ಲಿ ಬೆಳೆಯಿಲ್ಲದ ತಿಂಗಳುಗಳಲ್ಲಿ ಈ ಆಸರೆ ದೊರೆಯುವುದು ಬದುವಿನಲ್ಲಿಯೇ. ಕಳೆನಾಶಕ ಹೊಡೆದು ಬದುವನ್ನು ಬೋಳಿಸಿದ ರೈತ ಮರುವಾರ ಕೀಟನಾಶಕದ ಅಂಗಡಿಗೆ ಹೋಗುತ್ತಾನೆ. ಎರಡೂ ಡಬ್ಬಿಗಳನ್ನು ಮಾರುವ ಅಂಗಡಿ ಒಂದೇ ಆಗಿರುವುದು ಆಕಸ್ಮಿಕವಲ್ಲ.

ಬದುವಿನಲ್ಲಿ ಇಲಿ ಇರುತ್ತದೆ, ಹಾವು ಇರುತ್ತದೆ, ನೆರಳಿಗೆ ಎರಡು ಸಾಲು ಬೆಳೆ ಕುಗ್ಗುತ್ತದೆ ಎಂಬ ಆಕ್ಷೇಪಣೆಗಳು ಸುಳ್ಳಲ್ಲ. ನೀಲಗಿರಿಯನ್ನೋ ಸಾಗವಾನಿಯನ್ನೋ ನೆರೆಯವನ ಅಂಚಿಗೇ ಒತ್ತಾಗಿ ನೆಡುವವನು ನೆರೆಯವನ ಹೊಲದ ನೀರನ್ನೂ ಬೆಳಕನ್ನೂ ಕದಿಯುತ್ತಾನೆ. ಹಸಿರೆಂಬ ಕಾರಣಕ್ಕೆ ಅದನ್ನು ಸಮರ್ಥಿಸಲಾಗದು. ಇದಕ್ಕೆ ಪರಿಹಾರ ವರ್ಷಕ್ಕೊಮ್ಮೆ ಸವರುವ ಗಿಡ್ಡ ಬೇಲಿ, ದೊಡ್ಡ ಮರಕ್ಕೆ ಸಾಕಷ್ಟು ಅಂತರ, ಇಬ್ಬರೂ ಒಪ್ಪಿ ಆರಿಸಿದ ಜಾತಿ. ಬೋಳಿಸುವುದು ಪರಿಹಾರವಲ್ಲ.

ತಂತಿಯ ತತ್ವಶಾಸ್ತ್ರ

ಮುಳ್ಳುತಂತಿ ಹುಟ್ಟಿದ್ದು ಅಮೆರಿಕದ ಹುಲ್ಲುಗಾವಲಿನ ಅಂಚಿನಲ್ಲಿ. ಇಲಿನಾಯ್‌ನ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕೆಲವೇ ದಶಕಗಳಲ್ಲಿ ಆ ತಂತಿ ಅಲ್ಲಿನ ಬಯಲನ್ನೆಲ್ಲ ತುಂಡರಿಸಿತು. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಹಳ್ಳಿಗರ ಸಾಮೂಹಿಕ ನೆಲವನ್ನು ಬೇಲಿಯೊಳಗೆ ಸೇರಿಸಲು 1604ರಿಂದ 1914ರವರೆಗೆ ಐದು ಸಾವಿರಕ್ಕೂ ಮಿಕ್ಕಿದ ಕಾಯ್ದೆಗಳಾದವು. ಸುಮಾರು 68 ಲಕ್ಷ ಎಕರೆ ಸಾಮೂಹಿಕ ನೆಲ ಖಾಸಗಿಯಾಯಿತು. ದನ ಮೇಯಿಸಲು, ಸೌದೆ ಆರಿಸಲು ಹಕ್ಕಿದ್ದವರು ಕೂಲಿಗಳಾದರು. ಅದೇ ದೇಶ 1997ರಲ್ಲಿ, ಉಳಿದ ಹಳೆಯ ಹಸಿರು ಬೇಲಿಗಳನ್ನು ಅನುಮತಿಯಿಲ್ಲದೆ ಕೀಳಬಾರದೆಂದು ನಿಯಮ ಮಾಡಿತು. ಕಳೆದುಕೊಂಡ ಮೇಲೆ ಬಂದ ಬುದ್ಧಿ ಅದು. ಇಲ್ಲಿ ಇನ್ನೂ ಕಳೆದುಕೊಳ್ಳುವ ಕೆಲಸವೇ ಮುಗಿದಿಲ್ಲ.

ಧಾರವಾಡ ಸೀಮೆ ಈ ಪಾಠವನ್ನು ಒಮ್ಮೆ ತಾನೇ ಕಲಿತಿದೆ. ರಾಜ್ಯ ಸರ್ಕಾರದ ನಿಗಮವೊಂದು ಖಾಸಗಿ ಕಾರ್ಖಾನೆಯೊಡನೆ ಸೇರಿ 1984ರಲ್ಲಿ ಸ್ಥಾಪಿಸಿದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ, ಹಳ್ಳಿಗರು ಮೇವು ಸೌದೆಗಾಗಿ ನಂಬಿದ್ದ ಸಾಮೂಹಿಕ ನೆಲವನ್ನು ನೀಲಗಿರಿ ಬೆಳೆಸಲು ವಹಿಸಿದಾಗ, ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಶಿವರಾಮ ಕಾರಂತರೂ ಸಮಾಜ ಪರಿವರ್ತನ ಸಮುದಾಯವೂ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರು. 1991ರಲ್ಲಿ ಆ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. ಊರಿನ ಗಾಯರಾಣ, ಕೆರೆಯಂಗಳಗಳ ಒತ್ತುವರಿಯನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ದೊಡ್ಡ ಕಂಪನಿಯ ಬೇಲಿಯನ್ನು ಗುರುತಿಸಿದ ಜನ ತಮ್ಮವರದೇ ಚಿಕ್ಕ ಚಿಕ್ಕ ಬೇಲಿಗಳನ್ನು ಮಾತ್ರ ನೋಡದೆ ಬಿಟ್ಟರು. ಗಾಯರಾಣದ ಅಂಚಿನ ಹೊಲದವನು ವರ್ಷಕ್ಕೊಂದು ಸಾಲು ಗಾಯರಾಣದ ಕಡೆಗೂ ಸರಿಯುತ್ತಾನೆ. ಆ ಕಡೆಯಿಂದ ತಕರಾರು ತೆಗೆಯಲು ಯಾರೂ ಇರುವುದಿಲ್ಲ.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ನಿರ್ಬಂಧಗಳನ್ನು ತೆಗೆದುಹಾಕಿತು. ಹುಬ್ಬಳ್ಳಿ ಧಾರವಾಡಕ್ಕೆ ಹತ್ತಿರವಿರುವ ಸೀಮೆಗಳಿಗೆ ಇದರ ಅರ್ಥವೇನು? ಪೇಟೆಯಿಂದ ಬಂದವನು ಮೊದಲು ಮಾಡುವ ಕೆಲಸ ಬಿತ್ತನೆಯಲ್ಲ, ಬೇಲಿ. ಸಿಮೆಂಟಿನ ಕಂಬ, ಆರೆಳೆ ತಂತಿ, ಬೀಗ ಹಾಕಿದ ಗೇಟು. ಅಲ್ಲಿಯವರೆಗೆ ಅಲ್ಲಿ ಬಂಡಿದಾರಿಯಿತ್ತೆಂಬುದು ಅವನಿಗೆ ತಿಳಿಯದು. ದಾಖಲೆಯಲ್ಲಿ ಇಲ್ಲದ್ದನ್ನು ಅವನು ಒಪ್ಪುವುದೂ ಇಲ್ಲ.

ಎಲ್ಲಕ್ಕಿಂತ ಘೋರವಾದದ್ದು ವಿದ್ಯುತ್ ಬೇಲಿ. ಪ್ರಮಾಣಿತ ಸೌರಬೇಲಿಯಲ್ಲಿ ಸೆಕೆಂಡಿಗೊಂದರಂತೆ ಕ್ಷಣಮಾತ್ರದ ಮಿಡಿತ ಹರಿಯುತ್ತದೆ. ಪ್ರಾಣಿ ಬೆದರಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಕಂಬದಿಂದ ಕೊಕ್ಕೆ ಹಾಕಿ ನೇರವಾಗಿ ಹರಿಸಿದ 230 ವೋಲ್ಟಿನ ತಂತಿಗೆ ಹಂದಿ, ಆನೆ, ದನ, ಕತ್ತಲಲ್ಲಿ ನೀರು ಬಿಡಲು ಹೊರಟ ನೆರೆಯವನ ಮಗ ಎಂಬ ಭೇದವಿಲ್ಲ. ಅದು ವಿದ್ಯುತ್ ಕಳ್ಳತನವೂ ಹೌದು, ವನ್ಯಜೀವಿ ಕಾಯ್ದೆಯ ಉಲ್ಲಂಘನೆಯೂ ಹೌದು, ಮನುಷ್ಯ ಸತ್ತರೆ ನರಹತ್ಯೆಯ ಆರೋಪಕ್ಕೂ ದಾರಿ. ಬೆಳೆ ಕಾಯುವ ಸಂಕಟ ಯಾರದೇ ಇರಲಿ, ಕೊಲ್ಲುವ ತಂತಿಯನ್ನು ಊರು ಒಂದು ರಾತ್ರಿಯೂ ಸಹಿಸಬಾರದು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಗಾದೆ ಕಂಡಿತ್ತು. ಬೇಲಿಯೇ ಎದ್ದು ಒಕ್ಕಲನ್ನು ಕೊಲ್ಲುವುದನ್ನು ಈ ಕಾಲ ಕಂಡಿದೆ.

ಗಡಿ ಬೇಡವೆಂಬುದು ಉಳ್ಳವರ ಮಾತು

ಇಷ್ಟೆಲ್ಲ ಹೇಳಿದ ಮೇಲೆ, ಗಡಿಯನ್ನೇ ಅಳಿಸಿಬಿಡಿ, ಭೂಮಿತಾಯಿಗೆ ಗೆರೆ ಎಲ್ಲಿಯದು ಎಂದು ಭಾವುಕರಾಗುವವರಿದ್ದಾರೆ. ಅವರ ಮಾತಿಗೆ ಮರುಳಾಗಬಾರದು. ಗೆರೆ ಅಳಿಸಿದ ನೆಲದಲ್ಲಿ ಉಳುವವನು ಟ್ರ್ಯಾಕ್ಟರ್ ಉಳ್ಳವನು, ತೋಳ್ಬಲ ಉಳ್ಳವನು, ತಾಲೂಕು ಕಚೇರಿಯಲ್ಲಿ ಪರಿಚಯ ಉಳ್ಳವನು. ವಿಧವೆಯ ಎರಡು ಎಕರೆಗೆ, ಗುಳೆ ಹೋದ ಕೂಲಿಕಾರನ ತುಂಡು ಹೊಲಕ್ಕೆ, ಹೊಸದಾಗಿ ಹಕ್ಕುಪತ್ರ ಪಡೆದ ದಲಿತ ಕುಟುಂಬದ ನೆಲಕ್ಕೆ ಬಾಂದು ಕಲ್ಲೇ ಕಾವಲು. ಸ್ವತ್ತಿನ ಹಕ್ಕಿಗೂ ಪರಿಸರಕ್ಕೂ ವೈರವಿದೆಯೆಂದು ಭಾವಿಸುವುದು ಹುರುಳಿಲ್ಲದ ವಾದ. ಗಡಿ ಗಟ್ಟಿಯಾಗಿದ್ದಲ್ಲಿ ಬದು ಉಳಿಯುತ್ತದೆ. ಗಡಿ ಸಂಶಯಕ್ಕೆ ಬಿದ್ದಲ್ಲಿ, ನೆರೆಯವನು ಉಳುವ ಮುನ್ನ ತಾನೇ ಉಳಬೇಕೆಂಬ ಭಯ ಇಬ್ಬರನ್ನೂ ಬದುವಿನ ಮೇಲೆ ಹರಿಹಾಯಿಸುತ್ತದೆ. ಬದು ನಾಶವಾಗುತ್ತಿರುವುದಕ್ಕೆ ಮುಖ್ಯ ಕಾರಣ ದುರಾಸೆಯಷ್ಟೇ ಅಲ್ಲ, ಈ ಭಯವೂ ಹೌದು. ಭಯವನ್ನು ತೆಗೆಯಬಲ್ಲದ್ದು ಅಳತೆ.

ಸೀಗೆ ಹುಣ್ಣಿಮೆಯ ದಿನ ಈ ಸೀಮೆಯ ಒಕ್ಕಲು ಮಕ್ಕಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಹೊಲದ ಸುತ್ತ ಚರಗ ಚೆಲ್ಲಿ, ನೆರೆಯವರನ್ನು ಕರೆದು ಕೂಡಿ ಉಣ್ಣುತ್ತಾರೆ. ಚರಗ ಚೆಲ್ಲುವ ದಾರಿ ಹೊಲದ ಗಡಿಯೇ. ವರ್ಷಕ್ಕೊಮ್ಮೆ ತನ್ನ ಎಲ್ಲೆಯನ್ನು ನಡೆದು ನೋಡುವ, ಅದನ್ನು ನೆರೆಯವನ ಕಣ್ಣೆದುರಿಗೇ ಒಪ್ಪಿಕೊಳ್ಳುವ ಆಚರಣೆಯಿದು. ಇದಕ್ಕಿಂತ ಒಳ್ಳೆಯ ಹದ್ದುಬಸ್ತು ಯಾವ ಇಲಾಖೆಯ ಬಳಿಯೂ ಇಲ್ಲ. ಬದುವೇ ಇಲ್ಲದ ಹೊಲದಲ್ಲಿ ಚರಗ ಚೆಲ್ಲುವವರು ಎಲ್ಲಿ ಕಾಲಿಡಬೇಕು?

ಆಗಬೇಕಾದುದು

ಮೊದಲನೆಯದಾಗಿ, ಬದುವನ್ನು ಅರ್ಧ ಅರ್ಧವೆಂದು ಎಣಿಸುವುದು ನಿಲ್ಲಬೇಕು. ಇಬ್ಬರೂ ಒಂದೂವರೆ ಅಡಿಯಂತೆ ಬಿಟ್ಟು, ಮೂರಡಿಯ ಬದು ಇಬ್ಬರಿಗೂ ಇಡಿಯಾಗಿ ಸೇರಿದ್ದು, ಒಬ್ಬರೊಬ್ಬರ ಒಪ್ಪಿಗೆಯಿಲ್ಲದೆ ಉಳುವಂತಿಲ್ಲ, ಬೋಳಿಸುವಂತಿಲ್ಲ ಎಂದು ಕಾಗದದ ಮೇಲೆ ಬರೆದು ಸಾಕ್ಷಿಗಳೊಡನೆ ಸಹಿ ಮಾಡಬೇಕು. ಪಾಲುಪತ್ರ ಬರೆಸುವಾಗ ಬದು, ಬಂಡಿದಾರಿ, ನೀರಿನ ಹರಿವು ಈ ಮೂರನ್ನೂ ಅದರಲ್ಲಿ ನಮೂದಿಸಬೇಕು. ಮುಂದಿನ ತಲೆಮಾರಿನ ದಾವೆಯನ್ನು ಈ ಮೂರು ಸಾಲು ತಪ್ಪಿಸಬಲ್ಲವು.

ಎರಡನೆಯದಾಗಿ, ಹದ್ದುಬಸ್ತಿಗೆ ಒಬ್ಬೊಬ್ಬರೇ ಅರ್ಜಿ ಹಾಕಿ ನೆರೆಯವನ ಮೇಲೆ ಯುದ್ಧ ಸಾರುವ ಬದಲು ಒಂದು ಸಾಲಿನ ಹೊಲದವರೆಲ್ಲ ಒಟ್ಟಾಗಿ ಬೇಸಿಗೆಯಲ್ಲಿ, ಹೊಲ ಖಾಲಿಯಿರುವಾಗ ಅಳತೆ ಮಾಡಿಸಬೇಕು. ಒಂದು ಹೊಲವನ್ನು ಅಳೆದಾಗ ತಪ್ಪು ಪಕ್ಕದವನ ಮೇಲೆ ಬೀಳುತ್ತದೆ. ಇಡೀ ಸಾಲನ್ನು ಅಳೆದಾಗ ತಪ್ಪು ಎಲ್ಲಿದೆಯೆಂದು ಎಲ್ಲರಿಗೂ ಕಾಣುತ್ತದೆ. ಕಂದಾಯ ಇಲಾಖೆಯೂ ಇಂಥ ಸಾಮೂಹಿಕ ಅರ್ಜಿಗೆ ಆದ್ಯತೆ ಕೊಡಬೇಕು. ಕೊಡದಿದ್ದರೆ ಗ್ರಾಮಸಭೆಯ ಠರಾವಿನ ಮೂಲಕ ಕೇಳಬೇಕು. ಗಾಯರಾಣ, ಕೆರೆ, ಹಳ್ಳದ ದಂಡೆ, ನಕಾಶೆ ಕಂಡ ದಾರಿಗಳ ಅಳತೆ ಎಲ್ಲಕ್ಕಿಂತ ಮೊದಲು ಆಗಬೇಕು. ಊರಿನ ನೆಲಕ್ಕೆ ಕಲ್ಲು ನೆಡದೆ ತನ್ನ ನೆಲಕ್ಕೆ ತಂತಿ ಎಳೆಯುವ ಹಕ್ಕು ಯಾರಿಗೂ ನೈತಿಕವಾಗಿ ಇಲ್ಲ.

ಮೂರನೆಯದಾಗಿ, ಬೇಲಿ ಬೇಕಾದಲ್ಲಿ ಜೀವಂತ ಬೇಲಿಯಾಗಲಿ. ಮುಂಗಾರಿನ ಮೊದಲ ಹದಮಳೆಗೆ ಗ್ಲಿರಿಸಿಡಿಯಾ, ಲಕ್ಕಿಯ ಗೂಟಗಳನ್ನು ನೆಟ್ಟು, ನಡುನಡುವೆ ಕವಳಿ, ಸೀಗೆಯ ಬೀಜ ಊರಿದರೆ ಮೂರು ನಾಲ್ಕು ವರ್ಷಗಳಲ್ಲಿ ದನ ದಾಟದ ಬೇಲಿಯಾಗುತ್ತದೆ. ತಂತಿಗೆ ಸುರಿಯುವ ಹಣ ಉಳಿಯುತ್ತದೆ. ನೀರು ಹರಿಯುವ ಕಡೆ ಕಲ್ಲಿನ ಕೋಡಿ ಬಿಡಬೇಕು, ಬಂಡಿದಾರಿಗೆ ಅಡ್ಡಗಳುವಿನ ಬಾಗಿಲು ಬಿಡಬೇಕು.

ನಾಲ್ಕನೆಯ ಕೆಲಸ ವಿದ್ಯಾರ್ಥಿಗಳದು. ಊರಿನ ನಕಾಶೆ ಹಿಡಿದು ಎಲ್ಲೆಲ್ಲಿ ಬಾಂದು ಕಲ್ಲು ಉಳಿದಿದೆ, ಎಲ್ಲಿ ಕಾಣೆಯಾಗಿದೆ, ಯಾವ ಬದುವಿನ ಮೇಲೆ ಯಾವ ಗಿಡಗಳಿವೆ, ಯಾವ ದಾರಿ ಮುಚ್ಚಿದೆ ಎಂಬುದನ್ನು ಅವರು ದಾಖಲಿಸಲಿ. ಹಿರಿಯರು ಸತ್ತರೆ ಹಳೆಯ ಗಡಿಯ ನೆನಪೂ ಸಾಯುತ್ತದೆ. ಇಂದಿನ ದಾಖಲೆ ನಾಳಿನ ಸಾಕ್ಷಿ. ಅದನ್ನು ತಕರಾರು ಹೂಡಲು ಬಳಸದೆ ಗ್ರಾಮಸಭೆಯ ಮುಂದಿಡಬೇಕು.

ನ್ಯಾಯಾಲಯದ ಕುರಿತು ಹಳ್ಳಿಯ ಹಿರಿಯರು ಹೇಳುವ ಮಾತೊಂದಿದೆ: ಗೆದ್ದವ ಸೋತ, ಸೋತವ ಸತ್ತ. ಬದುವಿನ ದಾವೆಯಲ್ಲಿ ಗೆದ್ದವನು ಒಂದು ಗುಂಟೆಗಾಗಿ ಒಂದು ಎಕರೆಯ ಬೆಲೆ ತೆತ್ತಿರುತ್ತಾನೆ. ಆ ಹಣದಲ್ಲಿ ಎರಡೂ ಹೊಲಗಳಿಗೆ ಒಡ್ಡು ಹಾಕಿಸಿ, ಗಿಡ ನೆಡಿಸಿ, ಕೃಷಿಹೊಂಡ ತೋಡಿಸಬಹುದಿತ್ತು. ಬಮ್ಮಿಗಟ್ಟಿಯ ಸೀಮೆಯಲ್ಲಿ ಇನ್ನೂ ಉಳಿದಿರುವ ಪ್ರತಿಯೊಂದು ಹಸಿರು ಬದುವೂ, ಇಬ್ಬರು ನೆರೆಯವರು ತಮ್ಮ ರಂಟೆಯನ್ನು ಒಂದು ಸಾಲು ಮೊದಲೇ ತಿರುಗಿಸಿದ್ದರ ಗುರುತು. ಮುಂದಿನ ಮುಂಗಾರಿಗೆ ನೇಗಿಲು ಹೂಡುವವರು ಆ ಒಂದು ಸಾಲನ್ನು ಬಿಡಲಿ. ಬಿಡದಿದ್ದರೆ ಬೇಡುವವರು ಬೇಡುತ್ತಲೇ ಇರುವರು, ಮಣ್ಣು ಮಾತ್ರ ಕಾಯುವುದಿಲ್ಲ.